ಮನೆಯಲ್ಲಿ ಒಬ್ಬರು ಕುಡಿಯುತ್ತಾರೆ: ಯಾವ ಬಾಗಿಲು ಮೊದಲು ತಟ್ಟಬೇಕು?

ತಿಪಟೂರಿನ ನಮ್ಮ ಮನೆಯಲ್ಲಿ ಅಕ್ಕಿ ಡಬ್ಬ ತೆಗೆದ ಕೂಡಲೇ ಅತ್ತಿಗೆಯ ಕೈ ಮೊಣಕೈವರೆಗೂ ಒಳಗೆ ಹೋಗುತ್ತಿತ್ತು. ಅಣ್ಣ ಬಚ್ಚಿಟ್ಟ 90 ಎಂ.ಎಲ್. ಟೆಟ್ರಾ ಪ್ಯಾಕ್ ಅಲ್ಲಿದೆಯಾ ಅಂತ ನೋಡುವುದಕ್ಕೆ. ಸಿಕ್ಕರೆ ಜಗಳ, ಸಿಗದಿದ್ದರೆ ಅನುಮಾನ. ಅಣ್ಣ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದ. ಅವನಿಗೆ ಏಳಲಾಗದ ದಿನ ಸಾಹುಕಾರರಿಗೆ ಫೋನ್ ಮಾಡಿ 'ಜ್ವರ' ಅನ್ನುತ್ತಿದ್ದವರೂ ಅತ್ತಿಗೆಯೇ. ಆ ವರ್ಷ ಅಣ್ಣನಿಗೆ ಬಂದಷ್ಟು ಜ್ವರ ಊರಲ್ಲಿ ಯಾರಿಗೂ ಬಂದಿರಲಿಲ್ಲ.

ಸಲಹೆಗೇನೂ ಬರ ಇರಲಿಲ್ಲ. ಒಬ್ಬರು ಧರ್ಮಸ್ಥಳದವರ ಶಿಬಿರ ಅಂದರು. ಇನ್ನೊಬ್ಬರು ನಿಮ್ಹಾನ್ಸ್ ಅಂದರು. ಸೋದರತ್ತೆ ಒಂದು ಪುಡಿ ತಂದುಕೊಟ್ಟರು. ಚಿಕ್ಕಪ್ಪ 'ಎರಡು ದಿನ ರೂಮಲ್ಲಿ ಕೂಡಿಹಾಕಿ, ತಾನಾಗೇ ಬಿಡ್ತಾನೆ' ಅಂದರು. ನಾವು ಇವುಗಳಲ್ಲಿ ಹೆಚ್ಚುಕಮ್ಮಿ ಎಲ್ಲವನ್ನೂ ಮಾಡಿದೆವು, ಆದರೆ ತಪ್ಪು ಕ್ರಮದಲ್ಲಿ. ಈಗ ಪರಿಚಯದವರು ಯಾರಾದರೂ 'ಇದರಲ್ಲಿ ಯಾವುದು ಒಳ್ಳೇದು?' ಅಂತ ಕೇಳಿದರೆ ನಾನು ತಿರುಗಿ ನಾಲ್ಕೈದು ಪ್ರಶ್ನೆ ಕೇಳುತ್ತೇನೆ. ಆಮೇಲೆ ಆಯ್ಕೆ ಅಷ್ಟೇನೂ ಕಷ್ಟ ಅನಿಸುವುದಿಲ್ಲ.

ಆಯ್ಕೆಗೆ ಮೊದಲು ಕೇಳಿಕೊಳ್ಳಬೇಕಾದ್ದು

ಸಹಾಯ ಯಾರಿಗೆ ಬೇಕು? ಕುಡಿಯುವವರಿಗಾ, ನಿಮಗಾ? ಇಬ್ಬರಿಗೂ ಬೇಕು ಅನ್ನುವುದು ನಿಜ. ಆದರೆ ಎರಡೂ ಬೇರೆ ಬೇರೆ ಕಡೆ ಸಿಗುತ್ತದೆ. ಅವರು ಒಪ್ಪುವವರೆಗೆ ನೀವು ಕಾಯಬೇಕಾಗಿಲ್ಲ. ಇದು ನಮಗೆ ಮೂರು ವರ್ಷ ಹೊಳೆದಿರಲಿಲ್ಲ.

ಎರಡನೆಯದು ದೇಹದ ಪ್ರಶ್ನೆ. ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಬೆಳಿಗ್ಗೆ ಎದ್ದಾಗ ಕೈ ನಡುಗುತ್ತದಾ? ಬೆವರುತ್ತದಾ? ಒಂದು ಗುಟುಕು ಹಾಕಿದ ಮೇಲೆ ನಡುಕ ನಿಲ್ಲುತ್ತದಾ? ಹಿಂದೆ ಕುಡಿತ ಬಿಟ್ಟಾಗ ಫಿಟ್ಸ್ ಬಂದಿತ್ತಾ? ಯಾವುದಕ್ಕಾದರೂ ಹೌದು ಅಂತಾದರೆ ಮನೆಯಲ್ಲೇ ಒಂದೇ ಸಲಕ್ಕೆ ನಿಲ್ಲಿಸಬೇಡಿ. ದಿನವೂ ಕುಡಿಯುವ ದೇಹಕ್ಕೆ ಮದ್ಯ ತಪ್ಪಿದರೆ ಕೆಲವೇ ಗಂಟೆಗಳಲ್ಲಿ ನಡುಕ ಶುರುವಾಗುತ್ತದೆ. ಫಿಟ್ಸ್ ಬರುವುದಾದರೆ ಸಾಮಾನ್ಯವಾಗಿ ಮೊದಲ 2 ದಿನಗಳಲ್ಲಿ. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಕೆಲವರಿಗೆ ಭ್ರಮೆ ಹಿಡಿಯುತ್ತದೆ, ಇಲ್ಲದ್ದೆಲ್ಲ ಕಾಣುತ್ತದೆ. ಚಿಕಿತ್ಸೆ ಸಿಗದಿದ್ದರೆ ಜೀವಕ್ಕೇ ಅಪಾಯ.

ಚಿಕ್ಕಪ್ಪನ ಮಾತು ಕೇಳಿ ನಾವು ಅಣ್ಣನನ್ನು ರೂಮಲ್ಲಿ ಕೂಡಿಹಾಕಿದ್ದೆವು. ಎರಡನೇ ದಿನ ಬೆಳಿಗ್ಗೆ ಕಾಫಿ ಕೊಟ್ಟರೆ ಲೋಟ ತಟ್ಟೆಗೆ ಬಡಿದು ಟಣಟಣ ಅನ್ನುತ್ತಿತ್ತು. ಅರ್ಧ ಕಾಫಿ ಪಂಚೆ ಮೇಲೆ. ಸಂಜೆ ಗೋಡೆ ತೋರಿಸಿ 'ಇರುವೆ ಸಾಲು ನೋಡು, ಚಕ್ಕೆ ಹೊತ್ಕೊಂಡು ಹೋಗ್ತಿವೆ' ಅಂದ. ಗೋಡೆಯಲ್ಲಿ ಏನೂ ಇರಲಿಲ್ಲ. ರಾತ್ರಿ ಫಿಟ್ಸ್ ಬಂತು. ಆಟೋದಲ್ಲಿ ಹಾಕಿಕೊಂಡು ಓಡಿದೆವು. ಡ್ಯೂಟಿಯಲ್ಲಿದ್ದ ಡಾಕ್ಟರು ಅತ್ತಿಗೆಗೆ ಅಂದದ್ದು ಇಷ್ಟೇ: 'ನಿಲ್ಸಿದ್ದು ತಪ್ಪಲ್ಲಮ್ಮ, ನಿಲ್ಸಿದ ಜಾಗ ತಪ್ಪು.'

ಮೂರನೆಯದು, ಮನೆಯಲ್ಲಿ ಕೈ ಎತ್ತುತ್ತಾರಾ? ಹೌದಾದರೆ ಕುಡಿತ ಬಿಡಿಸುವ ಕೆಲಸ ಎರಡನೆಯದು, ನಿಮ್ಮ ಸುರಕ್ಷೆ ಮೊದಲನೆಯದು. ನಾಲ್ಕನೆಯದು ದುಡ್ಡು. ಫೀಸು ಮಾತ್ರ ಅಲ್ಲ, ಎಷ್ಟು ದಿನದ ಕೂಲಿ ಅಥವಾ ರಜೆ ಹೋಗುತ್ತದೆ, ಜೊತೆಗೆ ಇರುವವರು ಯಾರು ಅನ್ನುವುದೂ ಸೇರಿ. ಐದನೆಯದು ಗುಟ್ಟು. ಊರಿಗೆ ತಿಳಿದರೆ ಕೆಲವರಿಗೆ ಬಲ ಬರುತ್ತದೆ, ಕೆಲವರಿಗೆ ಕೆಲಸವೇ ಹೋಗುತ್ತದೆ. ಇನ್ನೊಂದು ಎಲ್ಲರೂ ಮರೆಯುವ ಪ್ರಶ್ನೆ: ವಾಪಸ್ ಬಂದ ಮೇಲೆ ಯಾರು?

ಫೋನ್

ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ಹತ್ತಿರದ ಬಾಗಿಲು ಇದು. ಕೇಂದ್ರ ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416. 2022ರ ಅಕ್ಟೋಬರ್ 10ರಂದು ಶುರುವಾಯಿತು. ದಿನದ 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಕುಡಿಯುವವರೇ ಮಾಡಬೇಕು ಅಂತೇನಿಲ್ಲ, ಹೆಂಡತಿ, ಮಗಳು, ತಮ್ಮ ಯಾರಾದರೂ ಮಾಡಬಹುದು. ಇನ್ನೊಂದು ನಂಬರ್ 14446, ಸಾಮಾಜಿಕ ನ್ಯಾಯ ಸಚಿವಾಲಯದ ವ್ಯಸನಮುಕ್ತಿ ಸಹಾಯವಾಣಿ. ಸರ್ಕಾರದ ನೆರವಿನಿಂದ ನಡೆಯುವ ಕೇಂದ್ರ ನಿಮ್ಮ ಹತ್ತಿರ ಎಲ್ಲಿದೆ ಅಂತ ಕೇಳಲು ಇದು ಒಳ್ಳೆಯದು.

ಫೋನಿನಿಂದ ಆಗದ್ದೂ ಇದೆ. ಮಾತ್ರೆ ಕೈಗೆ ಬರುವುದಿಲ್ಲ, ಫಿಟ್ಸ್ ನಿಲ್ಲುವುದಿಲ್ಲ. ಆದರೆ ಮನೆ ಬಿಟ್ಟು ಹೊರಗೆ ಕಾಲಿಡಲಾಗದ ಹೆಂಗಸಿಗೆ, ಯಾರ ಹತ್ತಿರವೂ ಬಾಯಿ ಬಿಡದವರಿಗೆ ಇದಕ್ಕಿಂತ ಸುಲಭದ ಶುರು ಇಲ್ಲ. ಬಟ್ಟೆ ತೆಗೆಯುವ ನೆಪದಲ್ಲಿ ಮಹಡಿಗೆ ಹೋಗಿ 20 ನಿಮಿಷ ಮಾತಾಡಿದರೂ ಆಯಿತು.

ಸರ್ಕಾರಿ ಆಸ್ಪತ್ರೆ

ಕೈ ನಡುಗುವ, ಫಿಟ್ಸ್ ಬಂದಿರುವ, ಹೊಟ್ಟೆ ಊದಿರುವ, ಕಣ್ಣು ಹಳದಿಯಾಗಿರುವ ಯಾರಿಗೇ ಆಗಲಿ ಮೊದಲ ಬಾಗಿಲು ಆಸ್ಪತ್ರೆಯೇ. ಇದರಲ್ಲಿ ನನಗೆ ಎರಡು ಮಾತಿಲ್ಲ.

ಎಲ್ಲರಿಗೂ ನಿಮ್ಹಾನ್ಸೇ ನೆನಪಾಗುತ್ತದೆ. ಅಲ್ಲಿ ವ್ಯಸನ ಚಿಕಿತ್ಸೆಗೇ ಬೇರೆ ಕೇಂದ್ರ ಇದೆ, ಬಿಪಿಎಲ್ ಕಾರ್ಡ್ ಇದ್ದರೆ ರಿಯಾಯಿತಿಯೂ ಇದೆ. ಆದರೆ ಬೀದರಿನಿಂದಲೋ ಕಾರವಾರದಿಂದಲೋ ಹೊಸೂರು ರಸ್ತೆಗೆ ಬಂದು ಸಾಲಲ್ಲಿ ನಿಲ್ಲುವುದು ಎಲ್ಲರಿಗೂ ಆಗುವ ಮಾತಲ್ಲ. ಉತ್ತರ ಕರ್ನಾಟಕದವರಿಗೆ ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ಜಿಲ್ಲಾ ಆಸ್ಪತ್ರೆಗಳಲ್ಲೂ ಮೆಡಿಕಲ್ ಕಾಲೇಜುಗಳಲ್ಲೂ ಮನೋವೈದ್ಯರಿದ್ದಾರೆ. ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ 'ಮನೋಚೈತನ್ಯ' ಕಾರ್ಯಕ್ರಮವೂ ಇದೆ. ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಬರುತ್ತಾರೆ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ.

ಇಲ್ಲಿ ಸಿಗುವುದೇನು? ಮೊದಲ ವಾರ ನಡುಕ, ಫಿಟ್ಸ್ ತಡೆಯುವ ಮಾತ್ರೆ ಮತ್ತು ಥಯಮಿನ್, ಅಂದರೆ ಬಿ1 ವಿಟಮಿನ್. ಎಲ್ಲರಿಗೂ ಅಡ್ಮಿಟ್ ಬೇಕಾಗುವುದಿಲ್ಲ. ತೊಂದರೆ ಕಡಿಮೆ ಇದ್ದವರಿಗೆ ಡಾಕ್ಟರು ಮಾತ್ರೆ ಬರೆದುಕೊಟ್ಟು ಮನೆಯಲ್ಲೇ ನೋಡಿಕೊಳ್ಳಲು ಹೇಳುವುದುಂಟು. ಆಮೇಲೆ ಬೇಕೆನ್ನುವ ಚಪಲ ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಥರದ ಮಾತ್ರೆಗಳಿವೆ. ಕುಡಿತ ಬರೀ ಕೆಟ್ಟ ಚಟ, ಅದಕ್ಕೆಲ್ಲಿ ಮಾತ್ರೆ ಅಂದುಕೊಂಡಿದ್ದ ನಮ್ಮ ಅಮ್ಮನಿಗೆ ಇದು ದೊಡ್ಡ ಸುದ್ದಿ.

ಕೊರತೆಯೂ ಹೇಳಿಬಿಡುತ್ತೇನೆ. ಸಾಲು ಉದ್ದ. ಡಾಕ್ಟರು ಕೊಡುವ ಹೊತ್ತು ಚಿಕ್ಕದು. ಅಡ್ಮಿಟ್ ಆದರೆ ಜೊತೆಗೆ ಒಬ್ಬರು ಇರಲೇಬೇಕು, ಅವರ ಕೂಲಿಯೂ ಹೋಯಿತು. ಡಿಸ್ಚಾರ್ಜ್ ಆದ ಮೇಲೆ 'ತಿಂಗಳು ಬಿಟ್ಟು ಬನ್ನಿ' ಅನ್ನುತ್ತಾರೆ. ಆ ತಿಂಗಳು ದಿನಾ ಸಂಜೆ 6 ಗಂಟೆಗೆ ಏನು ಮಾಡುವುದು? ಅದಕ್ಕೆ ಮಾತ್ರೆ ಇಲ್ಲ.

ಮದ್ಯವರ್ಜನ ಶಿಬಿರ

ಆ ಸಂಜೆ 6 ಗಂಟೆಯ ಪ್ರಶ್ನೆಗೆ ಹಳ್ಳಿಗಳಲ್ಲಿ ಉತ್ತರ ಕೊಟ್ಟದ್ದು ಶಿಬಿರಗಳೇ. ಧರ್ಮಸ್ಥಳದ ಧರ್ಮಾಧಿಕಾರಿ ವೀರೇಂದ್ರ ಹೆಗ್ಗಡೆಯವರ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆ ಊರವರ ಜೊತೆ ಸೇರಿ 8 ದಿನದ ಶಿಬಿರ ನಡೆಸುತ್ತವೆ. ಸಾಮಾನ್ಯವಾಗಿ ಕಲ್ಯಾಣ ಮಂಟಪದಲ್ಲೋ ಸಮುದಾಯ ಭವನದಲ್ಲೋ. ಬೆಳಿಗ್ಗೆ ವ್ಯಾಯಾಮ, ಭಜನೆ, ಮಾತು, ಬಿಟ್ಟವರ ಅನುಭವ. ಮನೆಯವರನ್ನೂ ಕರೆಸಿ ಕೂರಿಸುತ್ತಾರೆ. ನನಗೆ ಹೆಚ್ಚು ಮುಖ್ಯ ಅನಿಸುವುದು ಶಿಬಿರ ಮುಗಿದ ಮೇಲಿನ 'ನವಜೀವನ ಸಮಿತಿ'. ಬಿಟ್ಟವರೆಲ್ಲ ಮತ್ತೆ ಮತ್ತೆ ಸೇರುತ್ತಾರೆ. ಅದೇ ಊರಿನ, ಅದೇ ಬಾರಿನ ಮುಂದೆ ನಡೆದು ಹೋಗುವ ಹತ್ತು ಜನ ಗೆಳೆಯರು ಸಿಗುತ್ತಾರೆ. ಇದನ್ನು ಯಾವ ಆಸ್ಪತ್ರೆಯೂ ಕೊಡಲಾರದು.

ಖರ್ಚು ಕಡಿಮೆ. ಆದರೆ ಗುಟ್ಟು ಉಳಿಯುವುದಿಲ್ಲ, ಇಡೀ ಊರಿಗೆ ಗೊತ್ತಾಗುತ್ತದೆ. ಶಿಬಿರ ನಿಮಗೆ ಬೇಕಾದಾಗ ಇರುವುದಿಲ್ಲ, ಅದು ನಡೆದಾಗ ನೀವು ಹೋಗಬೇಕು. ಭಜನೆ, ದೇವರು ಒಗ್ಗದವರಿಗೆ ಇರುಸುಮುರುಸಾಗಬಹುದು. ಫಿಟ್ಸ್ ಬಂದಿದ್ದವರು, ಲಿವರ್ ಕೆಟ್ಟವರು ಮೊದಲು ಡಾಕ್ಟರಿಗೆ ತೋರಿಸಿಯೇ ಹೋಗಬೇಕು. ಇನ್ನೊಂದು, ಇದು ಹೆಚ್ಚಾಗಿ ಗಂಡಸರ ಲೋಕ. ಕುಡಿಯುವವರು ನಿಮ್ಮ ಅಮ್ಮನೋ ಅಕ್ಕನೋ ಆಗಿದ್ದರೆ ಮನೋವೈದ್ಯರ ಬಾಗಿಲೇ ವಾಸಿ. ಹೆಂಗಸರ ಕುಡಿತವನ್ನು ಮನೆಯವರು ಇನ್ನೂ ಜಾಸ್ತಿ ಮುಚ್ಚಿಡುತ್ತಾರೆ, ಆಸ್ಪತ್ರೆಗೆ ಬರುವಷ್ಟರಲ್ಲಿ ತಡವಾಗಿರುತ್ತದೆ.

ಇಲ್ಲೇ ಒಂದು ಮಾತು. 'ಅಯ್ಯಪ್ಪನ ಮಾಲೆ ಹಾಕಿದರೆ 41 ದಿನ ಮುಟ್ಟಲ್ಲ, ಅಂದರೆ ಮನಸ್ಸು ಮಾಡಿದರೆ ಬಿಡಬಹುದು ಅಲ್ವಾ?' ಅಂತ ನಾವೂ ಅಂದುಕೊಂಡಿದ್ದೆವು. ಅಣ್ಣ ಎರಡು ವರ್ಷ ಮಾಲೆ ಹಾಕಿದ. ಎರಡು ಸಲವೂ ಮಾಲೆ ತೆಗೆದ ರಾತ್ರಿಯೇ ಬಾಟಲಿ ತೆಗೆದ. ಕೆಲವು ದಿನ ಬಿಡುವುದೇ ಒಂದು, ಬಿಟ್ಟಮೇಲೆ ಬದುಕುವುದೇ ಇನ್ನೊಂದು.

ಎ.ಎ. ಮತ್ತು ಅಲ್-ಅನಾನ್

ಎರಡನ್ನೂ ಒಂದೇ ಅಂದುಕೊಳ್ಳುವವರು ಬಹಳ. ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ., 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರು ಸೇರಿ ಶುರು ಮಾಡಿದ್ದು. ಅದು ಕುಡಿಯುವವರಿಗೆ. ಅಲ್-ಅನಾನ್ 1951ರಲ್ಲಿ ಆ ಇಬ್ಬರಲ್ಲಿ ಒಬ್ಬರ ಹೆಂಡತಿ ಲೋಯಿಸ್ ಶುರು ಮಾಡಿದ್ದು. ಅದು ಮನೆಯವರಿಗೆ. ಹದಿಹರೆಯದ ಮಕ್ಕಳಿಗೆ ಅಲಟೀನ್ ಅಂತ ಬೇರೆ ಇದೆ. ಎಲ್ಲೂ ಫೀಸಿಲ್ಲ, ಪೂರ್ತಿ ಹೆಸರು ಕೇಳುವುದಿಲ್ಲ. ಗಂಡ ಒಪ್ಪದಿದ್ದರೂ ಹೆಂಡತಿ ಇವತ್ತೇ ಅಲ್-ಅನಾನ್‌ಗೆ ಹೋಗಬಹುದು.

ಬೆಂಗಳೂರಿನಂಥ ಊರಲ್ಲಿ ಮೀಟಿಂಗ್ ಸಿಗುವುದು ಸುಲಭ, ಚಿಕ್ಕ ಊರುಗಳಲ್ಲಿ ಕಷ್ಟ, ಅದರಲ್ಲೂ ಅಲ್-ಅನಾನ್ ವಿರಳ. ಆನ್‌ಲೈನ್ ಮೀಟಿಂಗ್‌ಗಳಿರುವುದರಿಂದ ದುಬೈಯಲ್ಲೋ ಪುಣೆಯಲ್ಲೋ ಕೂತು ಅಪ್ಪನ ಚಿಂತೆ ಮಾಡುವ ಮಕ್ಕಳಿಗೂ ಇದು ಎಟಕುತ್ತದೆ.

ಆದರೆ ಅಲ್-ಅನಾನ್‌ನಿಂದ ಏನು ನಿರೀಕ್ಷಿಸಬೇಕು ಅನ್ನುವುದು ಸ್ಪಷ್ಟ ಇರಲಿ. 1999ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಚಿಕಿತ್ಸೆಗೆ ಒಪ್ಪದ ಕುಡುಕರ ಆಪ್ತರು 130 ಮಂದಿ ಅದರಲ್ಲಿದ್ದರು. ಮೂರು ಗುಂಪಿಗೆ ಮೂರು ದಾರಿ. ಅಲ್-ಅನಾನ್ ರೀತಿಯ ಸಲಹೆ ಪಡೆದವರಲ್ಲಿ 13 ಶೇಕಡ ಮನೆಗಳ ಕುಡುಕರು ಚಿಕಿತ್ಸೆಗೆ ಬಂದರು. ಎಲ್ಲರೂ ಕೂತು ಮುಖಕ್ಕೆ ಮುಖ ಕೊಟ್ಟು ಕೇಳುವ ಪಂಚಾಯ್ತಿ ರೀತಿಯಲ್ಲಿ 30 ಶೇಕಡ. ಕ್ರಾಫ್ಟ್ ಅನ್ನುವ ಕುಟುಂಬ ತರಬೇತಿಯಲ್ಲಿ 64 ಶೇಕಡ. ಮನೆಯವರ ಸಂಕಟ ಮಾತ್ರ ಮೂರರಲ್ಲೂ ಕಡಿಮೆಯಾಯಿತು. ಅಂದರೆ ನಿಮಗೆ ನಿದ್ದೆ, ನೆಮ್ಮದಿ, ಜೊತೆ ಬೇಕಾದರೆ ಅಲ್-ಅನಾನ್ ಸರಿ. ಅವರನ್ನು ಆಸ್ಪತ್ರೆಯವರೆಗೆ ತರಬೇಕಾದರೆ ಬೇರೆ ಉಪಾಯ ಬೇಕು.

ಒಪ್ಪದವರನ್ನು ಒಪ್ಪಿಸುವ ದಾರಿ

ಕ್ರಾಫ್ಟ್ ಅಂತ ಬೋರ್ಡ್ ಹಾಕಿದ ಕ್ಲಿನಿಕ್ ನಿಮ್ಮೂರಲ್ಲಿ ಸಿಗಲಿಕ್ಕಿಲ್ಲ. ಆದರೆ ಮನೋವೈದ್ಯರ ಜೊತೆ ಕೆಲಸ ಮಾಡುವ ಆಪ್ತಸಮಾಲೋಚಕರನ್ನು, ಸಮಾಜ ಕಾರ್ಯಕರ್ತರನ್ನು 'ಅವರು ಬರಲ್ಲ, ನಾನು ಏನು ಮಾಡಲಿ?' ಅಂತ ಕೇಳಿದರೆ ಹೆಚ್ಚುಕಮ್ಮಿ ಇದೇ ದಾರಿಯ ಮಾತು ಬರುತ್ತದೆ. ಕುಡಿಯದೆ ಇದ್ದಾಗ ಜೊತೆಗೆ ಕೂತು ಊಟ ಮಾಡಿ, ನಗಿ. ಕುಡಿದು ಬಂದಾಗ ಜಗಳಕ್ಕೆ ಹೋಗದೆ ಪಕ್ಕಕ್ಕೆ ಸರಿಯಿರಿ. ಅವರ ಕುಡಿತದ ಬೆಲೆಯನ್ನು ನೀವು ಕಟ್ಟಬೇಡಿ. ಚಿಕಿತ್ಸೆಯ ಮಾತು ಅಮಲು ಇಳಿದಾಗ, ಪಶ್ಚಾತ್ತಾಪ ಇರುವ ಹೊತ್ತಲ್ಲಿ ಎತ್ತಿ. ಅಷ್ಟರಲ್ಲಿ ಯಾವ ಆಸ್ಪತ್ರೆ, ಯಾವ ದಿನ ಅನ್ನುವುದು ಗೊತ್ತಿರಲಿ.

ಅತ್ತಿಗೆ ಮಾಡಿದ್ದು ಒಂದೇ. ಜ್ವರದ ಫೋನ್ ನಿಲ್ಲಿಸಿದರು. ಮೂರನೇ ದಿನ ಸಾಹುಕಾರರೇ ಮನೆಗೆ ಬಂದರು. ಅಣ್ಣ ಲುಂಗಿಯಲ್ಲೇ ಜಗಲಿಗೆ ಬಂದು ತಲೆ ತಗ್ಗಿಸಿ ನಿಂತ. ಆ ಮಧ್ಯಾಹ್ನ ಅತ್ತಿಗೆ ಮೆಲ್ಲಗೆ, 'ನಾಳೆ ಮಂಗಳವಾರ. ಹೋಗಿ ಬರೋಣ್ವಾ?' ಅಂದರು. ಹೂಂ ಅಂದ.

ಖಾಸಗಿ ಕೇಂದ್ರ

ತಿಂಗಳಿಗೆ ಹತ್ತಾರು ಸಾವಿರದಿಂದ ಲಕ್ಷ ದಾಟುವವರೆಗೂ ಇವೆ. ಬೆಡ್ ಬೇಗ ಸಿಗುತ್ತದೆ, ಗುಟ್ಟು ಉಳಿಯುತ್ತದೆ, ಮನೆಯವರಿಗೆ ಒಂದು ತಿಂಗಳು ಉಸಿರಾಡಲು ಜಾಗ ಸಿಗುತ್ತದೆ. ಒಳ್ಳೆಯವು ನಿಜಕ್ಕೂ ಇವೆ. ಆದರೆ ನನಗೆ ಅತ್ಯಂತ ಭಯ ಇರುವುದೂ ಈ ಬಾಗಿಲಿನ ಬಗ್ಗೆಯೇ. ಆಸ್ಪತ್ರೆಯಿಂದ ಬಂದು ಅಣ್ಣ ಮತ್ತೆ ಜಾರಿದಾಗ ಒಂದು ಕೇಂದ್ರಕ್ಕೆ ಸೇರಿಸಿದ್ದೆವು. 15 ದಿನ ಫೋನಿನಲ್ಲೂ ಮಾತಾಡಲು ಬಿಡಲಿಲ್ಲ. 'ಮಾತಾಡಿದರೆ ಮನಸ್ಸು ಕೆಡುತ್ತೆ' ಅಂದರು. ಕರೆದುಕೊಂಡು ಬರಲು ಹೋದಾಗ ಅಣ್ಣ ಅಂಗಿಯ ತೋಳನ್ನು ಬೆರಳವರೆಗೂ ಎಳೆದುಕೊಂಡಿದ್ದ. ಮಣಿಕಟ್ಟಿನಲ್ಲಿ ಕಟ್ಟಿದ ಗುರುತು.

2017ರ ಮಾನಸಿಕ ಆರೋಗ್ಯ ಪಾಲನೆ ಕಾಯ್ದೆ ಮದ್ಯವ್ಯಸನದಿಂದ ಬರುವ ಮಾನಸಿಕ ತೊಂದರೆಗಳಿಗೂ ಅನ್ವಯ. ಹೀಗೆ ಚಿಕಿತ್ಸೆ ಕೊಡುವ ಕೇಂದ್ರಕ್ಕೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಇರಬೇಕು. ಒಪ್ಪಿಗೆ ಇಲ್ಲದೆ ಸೇರಿಸಿಕೊಳ್ಳಬೇಕಾದರೆ ಮನೋವೈದ್ಯರ ತಪಾಸಣೆ, ಕಾರಣ, ಅವಧಿ ಎಲ್ಲದಕ್ಕೂ ನಿಯಮ ಇದೆ. ಹಾಗಾಗಿ 'ವ್ಯಾನ್ ಕಳಿಸ್ತೀವಿ, ರಾತ್ರಿ ಎತ್ಕೊಂಡು ಬರ್ತೀವಿ' ಅನ್ನುವವರಿಂದ ದೂರ ಇರಿ. ದುಡ್ಡು ಕಟ್ಟುವ ಮೊದಲು ನೋಂದಣಿ ಪತ್ರ ನೋಡಿ. ರಾತ್ರಿ ಡಾಕ್ಟರ್ ಇರುತ್ತಾರಾ, ಫಿಟ್ಸ್ ಬಂದರೆ ಯಾವ ಆಸ್ಪತ್ರೆ, ನಾವು ಯಾವಾಗ ನೋಡಬಹುದು ಅಂತ ಕೇಳಿ. ಒಳಗಿರುವವರ ಅಡುಗೆಮನೆ, ಬಚ್ಚಲು ತೋರಿಸಿ ಅನ್ನಿ. ತೋರಿಸದಿದ್ದರೆ ಎದ್ದು ಬನ್ನಿ. ಇನ್ನು ಇನ್ಶೂರೆನ್ಸ್ ನಂಬಿ ಹೋಗಬೇಡಿ. ಹೆಚ್ಚಿನ ಆರೋಗ್ಯ ಪಾಲಿಸಿಗಳಲ್ಲಿ ಮದ್ಯವ್ಯಸನದ ಚಿಕಿತ್ಸೆಯನ್ನು ಹೊರಗಿಟ್ಟಿರುತ್ತಾರೆ.

ಗೊತ್ತಾಗದಂತೆ ಹಾಕುವ ಪುಡಿ

ಬಸ್‌ಸ್ಟ್ಯಾಂಡ್ ಗೋಡೆಯ ಮೇಲಿನ 'ಅವರಿಗೆ ತಿಳಿಯದಂತೆ ಕುಡಿತ ಬಿಡಿಸಿ' ಜಾಹೀರಾತು ಎಲ್ಲರೂ ನೋಡಿದ್ದೀರಿ. ಇಂಥ ಪುಡಿಯಲ್ಲಿ ಏನಿದೆ ಅಂತ ಕೊಡುವ ನಿಮಗೂ ಗೊತ್ತಿರುವುದಿಲ್ಲ. ಡೈಸಲ್ಫಿರಾಮ್ ಅನ್ನುವ ನಿಜವಾದ ಮಾತ್ರೆಯೊಂದಿದೆ. ಅದನ್ನು ತೆಗೆದುಕೊಂಡು ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಎದೆ ಡವಗುಟ್ಟಿ, ಬಿಪಿ ಇಳಿಯುತ್ತದೆ. ಹೃದಯ ಸರಿಯಿಲ್ಲದವರು ಸತ್ತೇ ಹೋಗಬಹುದು. ಕುಡಿಯುವವರೇ ತಿಳಿದು, ಒಪ್ಪಿ, ಡಾಕ್ಟರ ಕಣ್ಣಳತೆಯಲ್ಲಿ ತೆಗೆದುಕೊಳ್ಳಬೇಕಾದ ಮಾತ್ರೆ ಅದು. ಸಾರಿಗೆ ಬೆರೆಸುವುದಲ್ಲ. ಸೋದರತ್ತೆಯ ಪುಡಿ ನಮ್ಮನೆ ತಿಪ್ಪೆ ಸೇರಿತು.

ಹೊಡೆತ ಇದ್ದರೆ

ಮೇಲಿನ ಯಾವ ಹೋಲಿಕೆಯೂ ಆಗ ಮೊದಲು ಬರುವುದಿಲ್ಲ. ತುರ್ತಿಗೆ 112, ಮಹಿಳೆಯರಿಗೆ 181, ಮಕ್ಕಳಿಗೆ 1098. ಜಿಲ್ಲೆಯ ಸಖಿ ಕೇಂದ್ರದಲ್ಲಿ ಉಳಿಯಲು ಜಾಗ, ಕಾನೂನು ಸಲಹೆ, ಚಿಕಿತ್ಸೆ ಒಂದೇ ಕಡೆ ಸಿಗುತ್ತದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಅದೇ ಮನೆಯಲ್ಲಿ ಉಳಿಯುವ ಹಕ್ಕನ್ನೂ ಕೇಳಬಹುದು, ಡಿವೋರ್ಸ್ ಕೇಳಲೇಬೇಕು ಅಂತಿಲ್ಲ. 'ಎಣ್ಣೆ ಏರಿದಾಗ ಮಾತ್ರ ಹೊಡೀತಾರೆ, ಇಲ್ಲದಿದ್ದರೆ ದೇವರಂಥ ಮನುಷ್ಯ' ಅನ್ನುವುದು ಮೂಳೆ ಮುರಿಯುವವರೆಗೆ ಮಾತ್ರ ಚೆನ್ನಾಗಿ ಕೇಳುತ್ತದೆ.

ಹಾಗಾದರೆ ಯಾರಿಗೆ ಯಾವುದು?

ದಿನಗೂಲಿ ಮನೆ, ಕೈ ನಡುಕ ಇದೆ, ಒಪ್ಪಿದ್ದಾರೆ: ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆ, ಆಮೇಲೆ ಶಿಬಿರ ಮತ್ತು ನವಜೀವನ ಸಮಿತಿ. ನಾನು ನೋಡಿದ್ದರಲ್ಲಿ ಕಡಿಮೆ ದುಡ್ಡಿಗೆ ಇಷ್ಟು ಗಟ್ಟಿ ಜೋಡಿ ಬೇರೆ ಇಲ್ಲ.

ನೌಕರಿ ಇದೆ, ಆಫೀಸಿಗೆ ತಿಳಿಯಬಾರದು: ಖಾಸಗಿ ಮನೋವೈದ್ಯರ ಹೊರರೋಗಿ ಚಿಕಿತ್ಸೆ, ಸಂಜೆ ಎ.ಎ. ಮೀಟಿಂಗ್. ತಿಂಗಳ ರಜೆ ಹಾಕಿ ಕೇಂದ್ರಕ್ಕೆ ಹೋಗುವ ಮೊದಲು ಇದನ್ನು ನೋಡಿ.

ಶನಿವಾರ ರಾತ್ರಿ ಮಿತಿ ಮೀರುವ ಹುಡುಗ, ಬೆಳಿಗ್ಗೆ ನಡುಕವಿಲ್ಲ: ಸೇರಿಸುವ ಮಾತು ಬೇಡ, ಒಂದೆರಡು ಸಲ ಡಾಕ್ಟರ ಜೊತೆ ಮಾತು ಸಾಕಾಗಬಹುದು.

ಸುತರಾಂ ಒಪ್ಪುತ್ತಿಲ್ಲ: ಅವರನ್ನು ಬಿಡಿ, ನೀವು ಹೋಗಿ. 14416, ಆಪ್ತಸಮಾಲೋಚಕರು, ಹತ್ತಿರ ಇದ್ದರೆ ಅಲ್-ಅನಾನ್.

ಯಾವ ಬಾಗಿಲಿಗೆ ಹೋದರೂ ಒಂದು ಚೀಟಿ ಬರೆದುಕೊಂಡು ಹೋಗಿ. ಅಲ್ಲಿ ಹೋದಾಗ ಗಾಬರಿಯಲ್ಲಿ ಎಲ್ಲ ಮರೆತುಹೋಗುತ್ತದೆ. ಆ ಮಂಗಳವಾರ ಅತ್ತಿಗೆ ಮಗನ ನೋಟ್‌ಬುಕ್ಕಿನ ಹಾಳೆ ಹರಿದು ಬರೆದಿದ್ದರು. ಕೊನೇ ಸಲ ಕುಡಿದಿದ್ದು ನಿನ್ನೆ ರಾತ್ರಿ 9ಕ್ಕೆ. ದಿನಕ್ಕೆ ಎರಡು ಕ್ವಾರ್ಟರ್, ಸಂಬಳದ ವಾರ ಮೂರು. ಒಂದು ಸಲ ಫಿಟ್ಸ್. ಬಿಪಿ ಮಾತ್ರೆ ತಿಂತಾರೆ, ಸರಿಯಾಗಿ ತಿನ್ನಲ್ಲ. ಕೆಳಗೆ, ಸ್ವಲ್ಪ ಜಾಗ ಬಿಟ್ಟು, ಸಣ್ಣ ಅಕ್ಷರದಲ್ಲಿ: ನನಗೂ ರಾತ್ರಿ ನಿದ್ದೆ ಬರಲ್ಲ.

ಡಾಕ್ಟರು ಹಾಳೆಯನ್ನು ಪೂರ್ತಿ ಓದಿದರು. ಅಣ್ಣನ ಮಾತ್ರೆ ಬರೆದು ಮುಗಿಸಿ, ಕಂಪೌಂಡರನ್ನು ಕೂಗಿ, 'ಇನ್ನೊಂದು ಚೀಟಿ ಮಾಡಿಸ್ಕೊಂಡು ಬಾಪ್ಪ, ಇವರ ಹೆಸರಲ್ಲಿ' ಅಂದರು.